ಬೀಚ್‌ವುಡ್‌ನಿಂದ ಬ್ರಾಂಡನ್‌ವರೆಗೆ: ಕೆನಡಾದ ವಸತಿ ಶಾಲೆಗಳ ಹಾದಿಯಲ್ಲಿ

ಬುಧವಾರ, ಒಟ್ಟಾವಾ

ಒಟ್ಟಾವಾದ ಬೀಚ್‌ವುಡ್ ಸ್ಮಶಾನದಲ್ಲಿ ಮೂವರ ಸಮಾಧಿಗಳಿವೆ. ಕೆನಡಾದ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟ ವಸತಿ ಶಾಲೆಗಳ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಅಕ್ಕನ ಮಗಳಿಗೆ ಮ್ಯಾನಿಟೋಬಾ ಪ್ರಾಂತ್ಯದ ಬ್ರಾಂಡನ್ ಊರಿನಲ್ಲಿ ಕೆಲಸ ಸಿಕ್ಕಿತ್ತು. ಅವಳ ಕಾರು, ಪಾತ್ರೆಪಗಡೆ, ಹಾಸಿಗೆ ಎಲ್ಲವನ್ನೂ ಅಲ್ಲಿಗೆ ಮುಟ್ಟಿಸಬೇಕಿತ್ತು. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ, ಒಬ್ಬಳೇ ಓಡಿಸುವುದು ಬೇಡವೆಂದು ನಾನೂ ಹೊರಟೆ. ಟ್ರಾನ್ಸ್-ಕೆನಡಾ ಹೆದ್ದಾರಿ ಹಿಡಿದು ಹೋದರೆ ಆ ಶಾಲೆಗಳಿದ್ದ ಊರುಗಳು ಒಂದಾದ ಮೇಲೊಂದು ಸಿಗುತ್ತವೆ. ಅಲ್ಲಲ್ಲಿ ನಿಂತು ಹೋಗೋಣವೆಂದೆ, ಅವಳೂ ಒಪ್ಪಿದಳು.

ಮೊದಲ ಸಮಾಧಿ ನಿಕೋಲಸ್ ಫ್ಲಡ್ ಡೇವಿನ್‌ನದು. 1879ರಲ್ಲಿ ಸರ್ಕಾರ ಇವನನ್ನು ಅಮೆರಿಕಕ್ಕೆ ಕಳಿಸಿತು, ಅಲ್ಲಿ ಮೂಲನಿವಾಸಿ ಮಕ್ಕಳನ್ನು ಬೋರ್ಡಿಂಗ್ ಶಾಲೆಯಲ್ಲಿಟ್ಟು ಓದಿಸುವುದು ಹೇಗೆಂದು ನೋಡಿ ಬರಲು. ಹಗಲು ಶಾಲೆಗಳಿಂದ ಪ್ರಯೋಜನವಿಲ್ಲ, ಸಂಜೆ ಮನೆಗೆ ಹೋದ ಮಗುವಿನ ಮೇಲೆ ಶಾಲೆಗಿಂತ ಮನೆಯ ಪ್ರಭಾವವೇ ಹೆಚ್ಚು ಎಂದು ಅವನು ವರದಿ ಬರೆದ. 1883ರಲ್ಲಿ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಸಂಸತ್ತಿನಲ್ಲಿ ಅದನ್ನೇ ಇನ್ನೂ ಒರಟಾಗಿ ಹೇಳಿದ. ಊರಿನ ಶಾಲೆಗೆ ಹೋಗುವ ಮಗು ಅನಾಗರಿಕರಾದ ಅಪ್ಪ ಅಮ್ಮನ ಜೊತೆಯಲ್ಲೇ ಬೆಳೆಯುತ್ತದೆ, ಆದ್ದರಿಂದ ಮಕ್ಕಳನ್ನು ಅವರಿಂದ ಆದಷ್ಟು ದೂರವಿಡಬೇಕು ಎಂಬುದು ಅವನ ವಾದ. ಹಣ ಸರ್ಕಾರದ್ದು, ಆಡಳಿತ ಚರ್ಚುಗಳದ್ದು. 1892ರಿಂದ ತಲೆಗಿಷ್ಟು ಎಂದು ಅನುದಾನ ನಿಗದಿಯಾಯಿತು. ತಲೆ ಎಣಿಸಿ ದುಡ್ಡು ಕೊಡುವ ಪದ್ಧತಿಯಲ್ಲಿ ರೋಗಿಷ್ಠ ಮಕ್ಕಳನ್ನೂ ಸೇರಿಸಿಕೊಂಡು ಸಂಖ್ಯೆ ತುಂಬಿಸುವುದು, ಇರುವ ದುಡ್ಡಿನಲ್ಲಿ ಊಟ ಬಟ್ಟೆ ಕಡಿಮೆ ಮಾಡುವುದು ಎರಡೂ ನಡೆದವು. ಮಕ್ಕಳಿಗೆ ಅರ್ಧ ದಿನ ಪಾಠ, ಅರ್ಧ ದಿನ ಹೊಲ, ದನ, ಬಟ್ಟೆ ಒಗೆತ. ತಾಯ್ನುಡಿ ಆಡಿದರೆ ಏಟು.

ಎರಡನೆಯದು ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್‌ನದು. ಕೆನಡಾದ ಹೆಸರಾಂತ ಕವಿಗಳಲ್ಲಿ ಒಬ್ಬ. 1913ರಿಂದ 1932ರವರೆಗೆ ಇಂಡಿಯನ್ (ಮೂಲನಿವಾಸಿಗಳನ್ನು ಆಗ ಹಾಗೆ ಕರೆಯುತ್ತಿದ್ದರು) ವ್ಯವಹಾರಗಳ ಇಲಾಖೆಯ ಅತ್ಯುನ್ನತ ಅಧಿಕಾರಿಯೂ ಇವನೇ. 1920ರಲ್ಲಿ ಕಾನೂನು ತಿದ್ದಿ, ಮಕ್ಕಳನ್ನು ಬಲವಂತವಾಗಿ ಶಾಲೆಗೆ ಸೇರಿಸುವ ಅಧಿಕಾರವನ್ನು ಇಲಾಖೆಗೆ ತಂದುಕೊಟ್ಟ. ‘ಇಂಡಿಯನ್ ಸಮಸ್ಯೆ’ಯನ್ನೇ ಇಲ್ಲವಾಗಿಸಬೇಕು, ದೇಶದ ಮುಖ್ಯವಾಹಿನಿಯಲ್ಲಿ ಕರಗದ ಒಬ್ಬನೇ ಒಬ್ಬ ಇಂಡಿಯನ್ ಕೂಡ ಉಳಿಯಬಾರದು ಎಂದು ಸಂಸದೀಯ ಸಮಿತಿಯ ಮುಂದೆ ಸ್ಪಷ್ಟವಾಗಿ ಹೇಳಿದ. ಅವನ ಸಮಾಧಿಯ ಬಳಿಯ ಫಲಕದಲ್ಲಿ ಈಗ ಕವಿತೆಯ ಜೊತೆಗೆ ಈ ಸಂಗತಿಯೂ ಇದೆ. 2015ರಲ್ಲಿ ಅದನ್ನು ಬದಲಿಸಿದರು.

ಮೂರನೆಯದು ಡಾಕ್ಟರ್ ಪೀಟರ್ ಹೆಂಡರ್ಸನ್ ಬ್ರೈಸ್‌ದು. ಅದೇ ಇಲಾಖೆಯ ಮುಖ್ಯ ವೈದ್ಯಾಧಿಕಾರಿ. 1907ರಲ್ಲಿ ಪ್ರೇರಿ ಪ್ರಾಂತ್ಯಗಳ, ಅಂದರೆ ಪಶ್ಚಿಮದ ಹುಲ್ಲುಗಾವಲು ಸೀಮೆಯ ಶಾಲೆಗಳನ್ನು ತಪಾಸಣೆ ಮಾಡಿ ಲೆಕ್ಕ ಹಾಕಿದ. ವರದಿ ಬಂದ ಶಾಲೆಗಳ 1,537 ಮಕ್ಕಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸತ್ತಿದ್ದರು. ನಿಖರ ಲೆಕ್ಕವಿದ್ದ ಒಂದು ಶಾಲೆಯಲ್ಲಿ ಓದಿ ಹೊರಬಂದವರ ಪೈಕಿ 69 ಶೇಕಡ ಬದುಕಿರಲಿಲ್ಲ. ಮುಖ್ಯ ಕಾರಣ ಕ್ಷಯ. ಕಿಟಕಿ ಮುಚ್ಚಿದ ಕೋಣೆಗಳಲ್ಲಿ ಕಾಯಿಲೆಯ ಮಗುವನ್ನು, ಗಟ್ಟಿಯಿರುವ ಮಗುವನ್ನು ಒಟ್ಟಿಗೆ ಮಲಗಿಸುತ್ತಿದ್ದರು. ಗಾಳಿ ಬಿಡಿ, ರೋಗಿಗಳನ್ನು ಬೇರೆ ಇಡಿ, ಶಾಲೆಗಳನ್ನು ವೈದ್ಯರ ಉಸ್ತುವಾರಿಗೆ ಒಪ್ಪಿಸಿ ಎಂದು ಬ್ರೈಸ್ ಕೇಳಿದ. ಒಟ್ಟಾವಾದ ಪತ್ರಿಕೆ ಅದನ್ನು ಮುಖಪುಟದಲ್ಲೇ ಹಾಕಿತು. ಸಾವುಗಳಿಗೆ ಕಾರಣವನ್ನು ನಿವಾರಿಸದ ಇಲಾಖೆ ನರಹತ್ಯೆಯ ಆರೋಪಕ್ಕೆ ತೀರಾ ಹತ್ತಿರ ನಿಂತಿದೆ ಎಂದು ಆಂಗ್ಲಿಕನ್ ಚರ್ಚಿನ ವಕೀಲ ಸ್ಯಾಮುಯೆಲ್ ಬ್ಲೇಕ್ ಅದೇ ಕಾಲದಲ್ಲಿ ಬರೆದ. ಇಲಾಖೆ ಬ್ರೈಸ್‌ನ ತಪಾಸಣೆಯನ್ನೇ ನಿಲ್ಲಿಸಿತು. ಕೆಲಸದಿಂದ ಹೊರಬಿದ್ದ ಮೇಲೆ 1922ರಲ್ಲಿ ಅವನು ತನ್ನ ಖರ್ಚಿನಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿ, ಇದು ರಾಷ್ಟ್ರವೇ ಎಸಗಿದ ಅಪರಾಧ ಎಂದ.

ಅಕ್ಕನ ಮಗಳು ಬ್ರೈಸ್‌ನ ಕಲ್ಲಿನ ಮುಂದೆ ನಿಂತು ಕೇಳಿದಳು: “ಹಾಗಾದ್ರೆ ಸ್ಕಾಟ್‌ಗೆ ಇದೆಲ್ಲ ಗೊತ್ತಿತ್ತಾ ಚಿಕ್ಕಮ್ಮ?”

ಗೊತ್ತಿತ್ತು. 1914ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಸ್ಕಾಟನೇ ಬರೆದಿದ್ದಾನೆ, ಈ ಶಾಲೆಗಳನ್ನು ಹಾದು ಬಂದ ಮಕ್ಕಳಲ್ಲಿ ಅರ್ಧದಷ್ಟು ಜನ ಕಲಿತದ್ದರ ಫಲ ಉಣ್ಣಲು ಬದುಕಲಿಲ್ಲವೆಂದರೆ ಅತಿಶಯವಲ್ಲ ಎಂದು. ಅದನ್ನು ಬರೆದ ಆರು ವರ್ಷಕ್ಕೆ ಅದೇ ಶಾಲೆಗಳಿಗೆ ಕಡ್ಡಾಯ ಕಾನೂನು ತಂದ. ನಮ್ಮ ಕನ್ನಡ ಬಳಗದಲ್ಲೂ ಸೇರಿ ಎಷ್ಟೋ ಕಡೆ ಒಂದು ಮಾತು ಕೇಳಿದ್ದೇನೆ: “ಆ ಕಾಲಕ್ಕೆ ಯಾರಿಗೆ ಗೊತ್ತಿತ್ತು? ಒಳ್ಳೇದಾಗ್ಲಿ ಅಂತಲೇ ಮಾಡಿರ್ತಾರೆ.” ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ದಾರಿಯಲ್ಲಿ ಅವಳಿಗೆ ತೋರಿಸಬೇಕೆಂದುಕೊಂಡದ್ದೂ ಅದನ್ನೇ: ಪ್ರತಿ ಕಾಲದಲ್ಲೂ, ಪ್ರತಿ ಊರಿನಲ್ಲೂ ಯಾರೋ ಒಬ್ಬರು ಎದ್ದು ನಿಂತು ಹೇಳಿದ್ದರು.

ಗುರುವಾರ, ಹೆದ್ದಾರಿ 17

ಇಡೀ ದಿನ ಪ್ರಯಾಣ. ಸೆಪ್ಟೆಂಬರ್ ಕೊನೆಯೆಂದರೆ ಒಂಟಾರಿಯೊದಲ್ಲಿ ಮೇಪಲ್ ಎಲೆ ಕೆಂಪಾಗುವ ಕಾಲ. ಇದೇ ದಾರಿಯಲ್ಲಿ ಎಲೆ ನೋಡಲೆಂದೇ ಬರುವವರ ಕಾರುಗಳು ಸಾಲುಗಟ್ಟಿರುತ್ತವೆ. ಮೂಲನಿವಾಸಿ ಮನೆಗಳಲ್ಲಿ ಬೇಸಿಗೆ ಮುಗಿದು ಸೆಪ್ಟೆಂಬರ್ ಬಂತೆಂದರೆ ಬೇರೆಯೇ ಅರ್ಥವಿತ್ತು. ಲಾರಿ, ರೈಲು, ದೋಣಿ, ಆಮೇಲಾಮೇಲೆ ವಿಮಾನ ಕೂಡ ಬಂದು ಐದಾರು ವರ್ಷದ ಮಕ್ಕಳನ್ನು ಕರೆದೊಯ್ಯುತ್ತಿದ್ದ ಕಾಲ ಅದು. ಕಳಿಸದ ತಂದೆತಾಯಿಯ ಮನೆಗೆ ಪೊಲೀಸರು ಬರುತ್ತಿದ್ದರು.

ಸಡ್‌ಬರಿ ದಾಟಿ ಸಂಜೆಗೆ ಸ್ಪ್ಯಾನಿಷ್ ಎಂಬ ಪುಟ್ಟ ಊರು. ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗಿಬಿಡುವಂಥ ಊರು. 1913ರಿಂದ ಇಲ್ಲಿ ಜೆಸ್ವಿಟ್ ಪಾದ್ರಿಗಳು ಹುಡುಗರಿಗೆ, ಕ್ಯಾಥೊಲಿಕ್ ಸನ್ಯಾಸಿನಿಯರು ಹುಡುಗಿಯರಿಗೆ ಬೇರೆ ಬೇರೆ ವಸತಿ ಶಾಲೆ ನಡೆಸಿದರು. ಅಣ್ಣ ಒಂದು ಕಟ್ಟಡದಲ್ಲಿ, ತಂಗಿ ಇನ್ನೊಂದರಲ್ಲಿ. ಒಡಹುಟ್ಟಿದವರು ಮಾತಾಡುವಂತಿಲ್ಲ ಎಂಬ ನಿಯಮ ದೇಶದ ಎಷ್ಟೋ ಶಾಲೆಗಳಲ್ಲಿತ್ತು. ನಾವು ತಲುಪುವ ಹೊತ್ತಿಗೆ ಕತ್ತಲಾಗುತ್ತಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ರಾತ್ರಿ ಸೂ ಸೇಂಟ್ ಮೇರಿಯಲ್ಲಿ ತಂಗಿದೆವು.

ಶುಕ್ರವಾರ, ಸೂ ಸೇಂಟ್ ಮೇರಿ

ಅಕ್ಕನ ಮಗಳು ಓದಿದ್ದು ಅಲ್ಗೋಮಾ ವಿಶ್ವವಿದ್ಯಾಲಯದ ಬ್ರಾಂಪ್ಟನ್ ಕ್ಯಾಂಪಸ್‌ನಲ್ಲಿ. ಭಾರತದಿಂದ ಬಂದ ವಿದ್ಯಾರ್ಥಿಗಳೇ ತುಂಬಿರುವ ಜಾಗ ಅದು. ಸೂ ಸೇಂಟ್ ಮೇರಿಯ ಮುಖ್ಯ ಕ್ಯಾಂಪಸ್ಸನ್ನು ಅವಳು ನೋಡಿಯೇ ಇರಲಿಲ್ಲ. ಅಲ್ಲಿನ ಮುಖ್ಯ ಕಟ್ಟಡ ಶಿಂಗ್‌ವಾಕ್ ಹಾಲ್. 1935ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ವಸತಿ ಶಾಲೆ ಅದು. 1970ರಲ್ಲಿ ಮುಚ್ಚಿತು, ಮರುವರ್ಷವೇ ಕಾಲೇಜು ಒಳಬಂತು.

ಈ ಶಾಲೆಯ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದು ಶುರುವಾದ ರೀತಿ. ಶಿಂಗ್‌ವಾಕ್ ಎಂಬುವನು ಗಾರ್ಡನ್ ನದಿಯ ದಂಡೆಯ ಒಜಿಬ್ವೆ ಜನರ ನಾಯಕ. 1812ರ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿದವನು. ಬಿಳಿಯರ ಸಂಖ್ಯೆ ಏರುತ್ತಿದೆ, ಅವರ ಅಕ್ಷರ, ಲೆಕ್ಕ, ಕಾನೂನು ನಮ್ಮ ಮಕ್ಕಳಿಗೆ ಬೇಕು ಎಂದು ಅವನು ಮೊದಲೇ ಗ್ರಹಿಸಿದ್ದ. 1832ರಲ್ಲಿ ಹಿಮದ ಮೇಲೆ ನಡೆದು ಈಗಿನ ಟೊರೊಂಟೊಗೆ ಹೋಗಿ, ಗವರ್ನರ್‌ನನ್ನು ಕಂಡು ಮೇಷ್ಟ್ರನ್ನು ಕೊಡಿ ಎಂದು ಕೇಳಿದನೆಂದು ಅವನ ಜನ ಇವತ್ತಿಗೂ ಹೇಳುತ್ತಾರೆ. ತನ್ನ ಜನರ ನಡುವೆ ಒಂದು ಗುಡಾರ, ಅದರೊಳಗೆ ಹೊಸ ವಿದ್ಯೆ, ತಮ್ಮ ವಿದ್ಯೆ ಎರಡೂ ಅಕ್ಕಪಕ್ಕ ಕೂರಬೇಕು ಎಂಬುದು ಅವನ ಕನಸು. ಅವನು ತೀರಿಕೊಂಡ ಮೇಲೆ ಮಗ ಅಗಸ್ಟಿನ್ ಅದೇ ಕೋರಿಕೆ ಹೊತ್ತು 1871ರಲ್ಲಿ ದಕ್ಷಿಣದ ಊರುಗಳನ್ನು ಸುತ್ತಿದ. 1873ರಲ್ಲಿ ಆಂಗ್ಲಿಕನ್ ಪಾದ್ರಿ ಎಡ್ವರ್ಡ್ ವಿಲ್ಸನ್ ಶಾಲೆ ತೆರೆದ. ಆರನೇ ದಿನಕ್ಕೆ ಅದು ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಆದರೆ ಕಟ್ಟಿದ್ದು ಶಿಂಗ್‌ವಾಕ್ ಕೇಳಿದ್ದನ್ನಲ್ಲ. ಅವನ ಹೆಸರನ್ನೇ ಬಾಗಿಲ ಮೇಲೆ ಬರೆದು, ಅವನ ಮೊಮ್ಮಕ್ಕಳಿಗೆ ಅವನ ಭಾಷೆ ಮರೆಸುವ ಶಾಲೆ ನಡೆಸಿದರು.

ಶಾಲೆ ಬೇಡವೆಂದು ಮೂಲನಿವಾಸಿಗಳು ಹೇಳಿದ್ದರು ಎಂದುಕೊಂಡವರು ಇದನ್ನು ತಿಳಿಯಬೇಕು. ಅವರು ಕೇಳಿದ್ದು ತಮ್ಮ ಊರಿನಲ್ಲಿ, ಮಕ್ಕಳು ಸಂಜೆ ಮನೆಗೆ ಬರುವಂಥ ಶಾಲೆ. 1871ರಿಂದ ಸರ್ಕಾರಕ್ಕೂ ಮೂಲನಿವಾಸಿಗಳಿಗೂ ನೆಲದ ಬಗ್ಗೆ ಆದ ಒಪ್ಪಂದಗಳಲ್ಲಿ ರಾಣಿಯ ಹೆಸರಿನಲ್ಲಿ ಭರವಸೆ ಸಿಕ್ಕಿದ್ದೂ ರಿಸರ್ವ್, ಅಂದರೆ ಅವರಿಗೆಂದು ಕಾದಿರಿಸಿದ ನೆಲದ ಒಳಗಿನ ಶಾಲೆಗೇ.

1981ರಲ್ಲಿ ಇಲ್ಲಿ ಓದಿದವರು ಮೊದಲ ಬಾರಿ ಮತ್ತೆ ಒಂದಾಗಿ ಸೇರಿದರು. ಆ ಸೇರುವಿಕೆಯಿಂದ ‘ಚಿಲ್ಡ್ರನ್ ಆಫ್ ಶಿಂಗ್‌ವಾಕ್’ ಎಂಬ ಸಂಘ ಹುಟ್ಟಿತು. ದೇಶ ಇದರ ಬಗ್ಗೆ ಬಾಯಿ ಬಿಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಫೋಟೋ, ಪತ್ರ, ಹಾಜರಿ ಪುಸ್ತಕ ಕೂಡಿಸಿ ದೊಡ್ಡ ದಾಖಲಾಗಾರವನ್ನು ಕಟ್ಟಿದರು. ಕಟ್ಟಡದ ಕಾರಿಡಾರ್‌ಗಳಲ್ಲಿ ಈಗ ಅದರ ಪ್ರದರ್ಶನವಿದೆ. ಒಂದು ಕಡೆ ತರಗತಿಗೆ ಓಡುವ ವಿದ್ಯಾರ್ಥಿಗಳು, ಇನ್ನೊಂದು ಕಡೆ ಗೋಡೆಯ ಮೇಲೆ ಒಂದೇ ಬಗೆಯ ಅಂಗಿ, ಒಂದೇ ಬಗೆಯ ಕ್ರಾಪು, ಸಾಲು ಸಾಲು ಮಕ್ಕಳು. ಅಕ್ಕನ ಮಗಳು ಒಂದೊಂದು ಫೋಟೋದಲ್ಲೂ ಹೆಸರು ಹುಡುಕುತ್ತಾ ನಿಧಾನಕ್ಕೆ ನಡೆದಳು. ಹಳೆಯ ಫೋಟೋಗಳಲ್ಲಿ ಪಾದ್ರಿಗಳ ಹೆಸರಿತ್ತು. ಎಷ್ಟೋ ಮಕ್ಕಳ ಹೆಸರನ್ನು ನಂತರ ಈ ಸಂಘದವರೇ ನೆನಪಿನಿಂದ ಹುಡುಕಿ ಸೇರಿಸಿದ್ದಾರೆ. “ನನ್ನ ಡಿಗ್ರಿ ಸರ್ಟಿಫಿಕೇಟ್ ಬಂದದ್ದು ಇಲ್ಲಿಂದ” ಎಂದಳು. ಕಟ್ಟಡದ ಹಿಂದೆ ಸ್ಮಶಾನವಿದೆ. ಪಾದ್ರಿಗಳಿಗೆ ಕಲ್ಲಿದೆ. ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಗುರುತಿಲ್ಲ.

ಮಧ್ಯಾಹ್ನ ಹೊರಟು ಸುಪೀರಿಯರ್ ಸರೋವರದ ದಂಡೆ ಹಿಡಿದು ರಾತ್ರಿಗೆ ವಾವಾ ಸೇರಿದೆವು.

ಶನಿವಾರ, ಥಂಡರ್ ಬೇ

ವಾವಾದಿಂದ ಥಂಡರ್ ಬೇವರೆಗಿನ ದಾರಿ ಈ ದೇಶದ ಅತಿ ಚೆಲುವಾದ ದಾರಿಗಳಲ್ಲೊಂದು. ಅದರ ಬಗ್ಗೆ ಬೇರೆಯವರು ಬರೆದಿದ್ದಾರೆ, ನಾನು ಬರೆಯುವುದಿಲ್ಲ.

ಥಂಡರ್ ಬೇಯಲ್ಲಿ ನನಗೆ ನೋಡಬೇಕೆನಿಸಿದ್ದು ಹಳೆಯ ಶಾಲೆಯಲ್ಲ, ಮಕಿಂಟೈರ್ ನದಿ. ಉತ್ತರದ ಎಷ್ಟೋ ರಿಸರ್ವ್‌ಗಳಲ್ಲಿ ಇವತ್ತಿಗೂ ಹೈಸ್ಕೂಲಿಲ್ಲ. ಎಂಟನೇ ತರಗತಿ ಮುಗಿದರೆ ಹದಿನಾಲ್ಕು ವರ್ಷದ ಮಗು ವಿಮಾನ ಹತ್ತಿ ಈ ಊರಿಗೆ ಬಂದು, ಪರಿಚಯವಿಲ್ಲದವರ ಮನೆಯಲ್ಲಿ ಉಳಿದು ಓದಬೇಕು. 2000ದಿಂದ 2011ರೊಳಗೆ ಹಾಗೆ ಬಂದ ಏಳು ಮಕ್ಕಳು ಇಲ್ಲಿ ಸತ್ತರು. ಐವರ ದೇಹ ಸಿಕ್ಕಿದ್ದು ನೀರಿನಲ್ಲಿ. ತಿಂಗಳುಗಟ್ಟಲೆ ವಿಚಾರಣೆ ನಡೆದು 2016ರಲ್ಲಿ ಜ್ಯೂರಿ 145 ಶಿಫಾರಸು ಮಾಡಿತು.

“ಬಲವಂತ ಇಲ್ಲ, ಹೊಡೆಯೋರಿಲ್ಲ. ಆದರೂ ಮನೆ ಬಿಟ್ಟು ದೂರ ಹೋಗದೆ ಓದೋಕಾಗಲ್ಲ” ಎಂದಳು ಅವಳು.

ವಸತಿ ಶಾಲೆಗಳ ಬಗ್ಗೆ ಮಾತಾಡುವಾಗ ಅದು ಮುಗಿದ ಕಥೆ ಎನ್ನುವ ದನಿ ಬಂದಾಗಲೆಲ್ಲ ಥಂಡರ್ ಬೇ ನನ್ನ ಕಣ್ಣ ಮುಂದೆ ಬರುತ್ತದೆ. ನೂರೈವತ್ತು ವರ್ಷದ ಹಿಂದೆ ಕೇಳಿದ್ದ ಊರಿನ ಶಾಲೆ ಕೆಲವರಿಗೆ ಇನ್ನೂ ಸಿಕ್ಕಿಲ್ಲ.

ಭಾನುವಾರ, ಕೆನೋರಾ

ಥಂಡರ್ ಬೇಯಿಂದ ಕೆನೋರಾಕ್ಕೆ ಐನೂರು ಕಿಲೋಮೀಟರ್ ಹತ್ತಿರ. ಬಂಡೆ, ಸ್ಪ್ರೂಸ್ ಮರ, ಕೆರೆ, ಮತ್ತೆ ಬಂಡೆ. ಬೆಚ್ಚಗಿನ ಕಾರಿನಲ್ಲಿ ಕೂತು ಹೋಗುವಾಗಲೂ ಈ ಕಾಡಿನ ದೂರ ಎದೆಗೆ ತಟ್ಟುತ್ತದೆ. 1966ರ ಅಕ್ಟೋಬರ್‌ನಲ್ಲಿ ಕೆನೋರಾದ ವಸತಿ ಶಾಲೆಯಿಂದ ತಪ್ಪಿಸಿಕೊಂಡ ಚೇನಿ ವೆಂಜಾಕ್ ಎಂಬ ಹುಡುಗ ಇಂಥ ಕಾಡಿನ ನಡುವೆ ರೈಲುಹಳಿ ಹಿಡಿದು ಮನೆಗೆ ನಡೆಯಲು ಹೊರಟಿದ್ದ. ವಯಸ್ಸು 12.

ಕೆನೋರಾದ ಸೆಸಿಲಿಯಾ ಜೆಫ್ರಿ ಶಾಲೆ ಪ್ರೆಸ್ಬಿಟೇರಿಯನ್ ಚರ್ಚಿನದು. ಮೊದಲು 1902ರಲ್ಲಿ ಶೋಲ್ ಲೇಕ್‌ನಲ್ಲಿ ಶುರುವಾಯಿತು, 1929ರಲ್ಲಿ ಈ ಊರಿಗೆ ಬಂತು. ಶೋಲ್ ಲೇಕ್‌ನ ಹಿರಿಯರು ಶಾಲೆ ಶುರುವಾಗುವ ಮೊದಲೇ ಷರತ್ತು ಬರೆಸಿ ಸಹಿ ಹಾಕಿಸಿಕೊಂಡಿದ್ದರು. ನಮ್ಮ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಬಾರದು, ಸಣ್ಣವರಿಗೆ ಭಾರದ ಕೆಲಸ ಕೊಡಬಾರದು, ಓಡಿಹೋದ ಮಗುವಿನ ಹಿಂದೆ ಪೊಲೀಸರನ್ನು ಬಿಡಬಾರದು. ಇಷ್ಟು ನಿಖರವಾಗಿ ಕೇಳಬೇಕಾದರೆ ಬೇರೆ ಶಾಲೆಗಳಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ತಿಳಿದೇ ಇತ್ತು. ಚರ್ಚಿಗೂ ತಿಳಿದಿತ್ತು, ಸಹಿ ಹಾಕಿದವರು ಅವರೇ ಅಲ್ಲವೇ? ಷರತ್ತುಗಳು ಉಳಿಯಲಿಲ್ಲ. 1948ರಿಂದ ಮುಂದಿನ ಕೆಲವು ವರ್ಷ ಸರ್ಕಾರಿ ಆಹಾರ ತಜ್ಞರು ದೇಶದ ಆರು ವಸತಿ ಶಾಲೆಗಳ ಮಕ್ಕಳ ಮೇಲೆ ಪೌಷ್ಟಿಕತೆಯ ಪ್ರಯೋಗ ನಡೆಸಿದರು, ಅದರಲ್ಲಿ ಈ ಶಾಲೆಯೂ ಸೇರಿತ್ತು. ಮಕ್ಕಳು ಅರೆಹೊಟ್ಟೆಯಲ್ಲಿದ್ದಾರೆಂದು ಕಂಡವರು ಊಟ ಹೆಚ್ಚಿಸುವ ಬದಲು, ಹೋಲಿಸಿ ನೋಡಲೆಂದು ಕೆಲವರನ್ನು ಹಾಗೇ ಬಿಟ್ಟರು. ಇತಿಹಾಸಕಾರ ಇಯಾನ್ ಮಾಸ್ಬಿ 2013ರಲ್ಲಿ ಇದನ್ನು ಹೊರಗೆ ತಂದರು.

ಚೇನಿಯ ಮನೆ ಇದ್ದದ್ದು ಒಗೊಕಿ ಪೋಸ್ಟ್‌ನಲ್ಲಿ, ಶಾಲೆಯಿಂದ ಆರುನೂರು ಕಿಲೋಮೀಟರ್ ದೂರ. ಶಾಲೆಯವರು ಅವನನ್ನು ಚಾರ್ಲಿ ಎಂದು ಕರೆಯುತ್ತಿದ್ದರು. ಅಕ್ಟೋಬರ್ 16ರಂದು ಆಟದ ಬಯಲಿನಿಂದ ಇಬ್ಬರು ಗೆಳೆಯರ ಜೊತೆ ಹೊರಟ. ಅದೇ ದಿನ ಇನ್ನೂ ಒಂಬತ್ತು ಮಕ್ಕಳು ಓಡಿದ್ದರು, ಅವರೆಲ್ಲ ಬೇಗ ಸಿಕ್ಕಿಬಿದ್ದರು. ಮೂವರೂ ಆ ಗೆಳೆಯರ ನೆಂಟರೊಬ್ಬರ ಮನೆ ಮುಟ್ಟಿದರು. ಅಲ್ಲಿಂದ ಕೆಲ ದಿನಕ್ಕೆ ಚೇನಿ ಒಬ್ಬನೇ ಹೊರಟ. ಮೈಮೇಲೆ ತೆಳು ಜಾಕೆಟ್, ಜೇಬಿನಲ್ಲಿ ಗಾಜಿನ ಪುಟ್ಟ ಶೀಶೆಯಲ್ಲಿ ಬೆಂಕಿಕಡ್ಡಿ. ಮಳೆ, ಹಿಮ, ಶೂನ್ಯಕ್ಕಿಂತ ಕೆಳಗಿನ ಚಳಿ. ಅಕ್ಟೋಬರ್ 23ರಂದು ರೈಲಿನ ಚಾಲಕ ಹಳಿಯ ಪಕ್ಕದಲ್ಲಿ ಅವನ ದೇಹ ಕಂಡ.

ಅವನ ಸಾವಿನ ವಿಚಾರಣೆಯ ಜ್ಯೂರಿಯಲ್ಲಿದ್ದವರು ಕೆನೋರಾದ ಸಾಮಾನ್ಯ ಜನ. ಈ ಶಿಕ್ಷಣ ಪದ್ಧತಿ ಮಕ್ಕಳ ಮನಸ್ಸನ್ನು ತೀವ್ರವಾಗಿ ಕಲಕುತ್ತಿದೆ, ಇದು ಸರಿಯೇ ಎಂದು ಬುಡದಿಂದಲೇ ಪರಿಶೀಲಿಸಬೇಕು ಎಂದು ಅವರು ಬರೆದರು. ಬ್ರೈಸ್ ವರದಿ ಕೊಟ್ಟು 59 ವರ್ಷವಾಗಿತ್ತು. ಶಾಲೆ ಆಮೇಲೂ ವರ್ಷಗಟ್ಟಲೆ ನಡೆಯಿತು. ಹಳೆ ಶಾಲೆ ಇದ್ದ ಜಾಗದ ಹತ್ತಿರ ಕಾರು ನಿಲ್ಲಿಸಿ ನಾವಿಬ್ಬರೂ ಸ್ವಲ್ಪ ದೂರ ನಡೆದೆವು. ಅವಳಿಗೆ ಮಾತು ಬರಲಿಲ್ಲ, ನನಗೂ.

ಇದೇ ಊರಿನ ಹತ್ತಿರ ಕ್ಯಾಥೊಲಿಕ್ಕರ ಸೇಂಟ್ ಮೇರೀಸ್ ಶಾಲೆ 1972ರವರೆಗೆ ಇತ್ತು. ಅಲ್ಲಿ 36 ಮಕ್ಕಳು ಸತ್ತರೆಂದು ದಾಖಲೆ ಹೇಳುತ್ತದೆ. 2023ರ ಜನವರಿಯಲ್ಲಿ ವಾಶುಷ್ಕ್ ಓನಿಗಮ್ ಎಂಬ ಮೂಲನಿವಾಸಿ ಸಮುದಾಯದವರು ಶಾಲೆಗೆ ಸಂಬಂಧಿಸಿದ ಸ್ಮಶಾನದ ನೆಲದಲ್ಲಿ 171 ಸಮಾಧಿಗಳಿರಬಹುದಾದ ಗುರುತು ಸಿಕ್ಕಿದೆ ಎಂದು ಪ್ರಕಟಿಸಿದರು. ನೆಲದ ಕೆಳಗೆ ತರಂಗ ಹಾಯಿಸಿ ನೋಡುವ ರಾಡಾರ್ ತೋರಿಸುವುದು ಮಣ್ಣು ಕದಲಿದ ಜಾಗವನ್ನು, ಮೂಳೆಯನ್ನಲ್ಲ. ಅದು ನಿಜ. 2021ರಲ್ಲಿ ಕ್ಯಾಮ್‌ಲೂಪ್ಸ್ ಊರಿನ ಹಳೆಯ ವಸತಿ ಶಾಲೆಯಲ್ಲೂ ಇಂಥದೇ ಗುರುತು ಸಿಕ್ಕ ಸುದ್ದಿ ಬಂದಾಗಿನಿಂದ, ಅಗೆದು ತೋರಿಸಿ, ಇಲ್ಲದಿದ್ದರೆ ಎಲ್ಲ ಸುಳ್ಳು ಎನ್ನುವವರೂ ಹುಟ್ಟಿಕೊಂಡಿದ್ದಾರೆ. ಅಂಥವರಿಗೆ ಉತ್ತರ ವಿನಿಪೆಗ್‌ನಲ್ಲಿದೆ.

ಸೋಮವಾರ, ವಿನಿಪೆಗ್

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಆವರಣದಲ್ಲಿ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ಕೇಂದ್ರವಿದೆ. ಬದುಕುಳಿದವರು ಸರ್ಕಾರ, ಚರ್ಚುಗಳ ಮೇಲೆ ಹೂಡಿದ ಮೊಕದ್ದಮೆಗಳು 2006ರ ದೊಡ್ಡ ರಾಜಿ ಒಪ್ಪಂದದಲ್ಲಿ ಮುಗಿದವು. ಸತ್ಯ ಆಯೋಗ ಬೇಕು ಎಂಬ ಷರತ್ತು ಅದರೊಳಗೇ ಇತ್ತು. 2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮೂಲನಿವಾಸಿ ನ್ಯಾಯಾಧೀಶ ಮರ್ರೆ ಸಿಂಕ್ಲೇರ್ ಅಧ್ಯಕ್ಷತೆಯಲ್ಲಿ ಆಯೋಗ ದೇಶವೆಲ್ಲ ಸುತ್ತಿ 6,500ಕ್ಕೂ ಹೆಚ್ಚು ಜನರ ಮಾತು ಕೇಳಿತು. ಸುಮಾರು 1,50,000 ಮಕ್ಕಳು ಈ ಶಾಲೆಗಳನ್ನು ಹಾದುಹೋದರು. ಆಯೋಗ ಇದನ್ನು ಸಾಂಸ್ಕೃತಿಕ ನರಮೇಧ ಎಂದು ಕರೆದು 2015ರಲ್ಲಿ 94 ಕರೆಗಳನ್ನು ದೇಶದ ಮುಂದಿಟ್ಟಿತು.

ಆಯೋಗ ಸಾವುಗಳನ್ನು ಹುಡುಕಿದ್ದು ಕಾಗದಗಳಲ್ಲಿ. ಇಲಾಖೆಯ ಪತ್ರ, ಚರ್ಚಿನ ಪುಸ್ತಕ, ಶಾಲೆಯ ತ್ರೈಮಾಸಿಕ ವರದಿ. 2015ರ ಹೊತ್ತಿಗೆ 3,200 ಸಾವು ಸಿಕ್ಕಿದ್ದವು. ಅದರಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಮಗುವಿನ ಹೆಸರಿಲ್ಲ. ಅರ್ಧದಷ್ಟರಲ್ಲಿ ಸಾವಿನ ಕಾರಣ ಬರೆದಿಲ್ಲ. ದೇಹವನ್ನು ಊರಿಗೆ ಕಳಿಸುವ ಖರ್ಚನ್ನು ಇಲಾಖೆ ಕೊಡುತ್ತಿರಲಿಲ್ಲವಾದ್ದರಿಂದ ಬಹಳಷ್ಟು ಮಕ್ಕಳನ್ನು ಶಾಲೆಯ ಹಿತ್ತಲಲ್ಲೇ ಹೂಳಿದರು. ಈ ಕೇಂದ್ರ ಆ ಕೆಲಸ ಮುಂದುವರಿಸಿದೆ, ಈಗ ಸ್ಮರಣ ಪಟ್ಟಿಯಲ್ಲಿ 4,100ಕ್ಕೂ ಹೆಚ್ಚು ಮಕ್ಕಳಿದ್ದಾರೆ. ಇವು ರಾಡಾರ್ ಹೇಳಿದ ಲೆಕ್ಕವಲ್ಲ, ಸಾಯಿಸಿದ ವ್ಯವಸ್ಥೆಯೇ ತನ್ನ ಕೈಯಾರೆ ಬರೆದಿಟ್ಟ ಲೆಕ್ಕ. ಇದರ ಮೇಲೆ ಇನ್ನೇನು ಅಗೆದು ತೋರಿಸಬೇಕು?

94 ಕರೆಗಳಲ್ಲಿ ಕೊನೆಯ ಎರಡು ನಮ್ಮಂಥ ವಲಸಿಗರಿಗೆ ಸಂಬಂಧಿಸಿದವು. ಕೊನೆಯದರ ಪ್ರಕಾರ 2021ರ ಜೂನ್‌ನಲ್ಲಿ ಪೌರತ್ವದ ಪ್ರಮಾಣವಚನ ಬದಲಾಯಿತು. ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಎಂಬ ಮೂರು ಮೂಲನಿವಾಸಿ ಗುಂಪುಗಳ ಜನರ ಹಕ್ಕು ಮತ್ತು ಒಪ್ಪಂದಗಳನ್ನು ಎತ್ತಿಹಿಡಿಯುವ ಸಂವಿಧಾನವನ್ನೂ ಪಾಲಿಸುತ್ತೇನೆ ಎಂದು ಹೊಸದಾಗಿ ಪ್ರಜೆಯಾಗುವವರು ಹೇಳಬೇಕು. ನಾನೂ ಬಲಗೈ ಎತ್ತಿ ಅದನ್ನು ಹೇಳಿದ್ದೇನೆ. ಆ ಒಪ್ಪಂದಗಳಲ್ಲಿ ಒಂದು ಕೆನೋರಾದ ನೆಲದ್ದು, ಇನ್ನೊಂದು ವಿನಿಪೆಗ್‌ನದು. ನಮ್ಮಲ್ಲಿ ಎಷ್ಟೋ ಜನ ಮನೆ ಕೊಂಡು, ತೆರಿಗೆ ಕಟ್ಟಿ, ಯುಗಾದಿ ಮಾಡಿಕೊಂಡಿರುವುದು ಅಂಥ ಒಪ್ಪಂದಗಳಿಂದ ಬಂದ ನೆಲದ ಮೇಲೆ. ನಮ್ಮ ಅಜ್ಜಂದಿರು ಇಲ್ಲಿರಲಿಲ್ಲ, ಸರಿ. ಆದರೆ ಒಪ್ಪಂದದ ಒಂದು ಪಕ್ಷವಾಗಿ ಈಗ ನಾವು ಸಹಿ ಹಾಕಿದ್ದೇವೆ.

ಮಂಗಳವಾರ, ಸೆಪ್ಟೆಂಬರ್ 30

ಇಡೀ ವಿನಿಪೆಗ್ ಕಿತ್ತಳೆ ಅಂಗಿಯಲ್ಲಿತ್ತು. ಬ್ರಿಟಿಷ್ ಕೊಲಂಬಿಯಾದ ಫಿಲಿಸ್ ವೆಬ್‌ಸ್ಟಾಡ್ 1973ರಲ್ಲಿ ಆರನೇ ವಯಸ್ಸಿಗೆ ವಸತಿ ಶಾಲೆಗೆ ಹೋದಾಗ ಅಜ್ಜಿ ಕೊಡಿಸಿದ್ದ ಹೊಸ ಕಿತ್ತಳೆ ಅಂಗಿಯನ್ನು ಮೊದಲ ದಿನವೇ ಕಿತ್ತುಕೊಂಡರು. ಅವರು 2013ರಲ್ಲಿ ಆ ಕಥೆ ಹೇಳಿದ್ದರಿಂದ ಹುಟ್ಟಿದ ದಿನ ಇದು. 2021ರಿಂದ ರಾಷ್ಟ್ರೀಯ ಸ್ಮರಣೆಯ ದಿನ, ಈಗ ಮ್ಯಾನಿಟೋಬಾದಲ್ಲಿ ಸಾರ್ವತ್ರಿಕ ರಜೆ ಕೂಡ. ಈ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ವಾಬ್ ಕಿನ್ಯೂ ಫಸ್ಟ್ ನೇಷನ್ಸ್‌ನವರು. ಅವರ ತಂದೆ ಕೆನೋರಾದ ಸೇಂಟ್ ಮೇರೀಸ್ ಶಾಲೆಗೆ ಹೋಗಿ ಬದುಕಿ ಬಂದವರು.

ಮೆರವಣಿಗೆಯಲ್ಲಿ ನಾವೂ ನಡೆದೆವು. ಡೋಲು ಬಾರಿಸುವ ಹುಡುಗರು, ಗಾಲಿಕುರ್ಚಿಯಲ್ಲಿ ಹಿರಿಯರು, ತಳ್ಳುಗಾಡಿಯಲ್ಲಿ ಮಕ್ಕಳು. ಪಕ್ಕದಲ್ಲಿ ನಡೆಯುತ್ತಿದ್ದ ಅಜ್ಜಿಯೊಬ್ಬರು ಎಲ್ಲಿಯವರೆಂದು ಕೇಳಿದರು. ಕರ್ನಾಟಕ ಎಂದೆವು. ಮನೆಯಲ್ಲಿ ಮಕ್ಕಳು ನಿಮ್ಮ ಭಾಷೆ ಮಾತಾಡುತ್ತಾರಾ ಎಂದು ಕೇಳಿದರು. ಆಡುತ್ತಾರೆ ಎಂದೆ. “ಒಳ್ಳೇದು” ಎಂದು ಅಕ್ಕನ ಮಗಳ ಕೈ ಹಿಡಿದುಕೊಂಡೇ ಸುಮಾರು ದೂರ ಬಂದರು. ತಮ್ಮ ಶಾಲೆಯ ಬಗ್ಗೆ ಅವರಾಗಿ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ಕೇಳಬಾರದು ಕೂಡ.

ಬುಧವಾರ, ಪೋರ್ಟೇಜ್ ಲಾ ಪ್ರೇರಿ ಮತ್ತು ಬ್ರಾಂಡನ್

ವಿನಿಪೆಗ್‌ನಿಂದ ಒಂದು ಗಂಟೆ ಹೋದರೆ ಪೋರ್ಟೇಜ್ ಲಾ ಪ್ರೇರಿ. ಕೆರೆಯ ದಂಡೆಯ ಮೇಲೆ ಒಂದು ಶತಮಾನ ದಾಟಿದ ದೊಡ್ಡ ಇಟ್ಟಿಗೆ ಕಟ್ಟಡ ನಿಂತಿದೆ. ವಸತಿ ಶಾಲೆ 1975ರಲ್ಲಿ ಮುಚ್ಚಿತು, 1981ರಲ್ಲಿ ಕಟ್ಟಡ, ಜಾಗ ಎರಡೂ ಲಾಂಗ್ ಪ್ಲೇನ್ ಫಸ್ಟ್ ನೇಷನ್‌ಗೆ ಬಂದವು. ಕೆಡವಬೇಕೆಂದು ಅನೇಕ ಕಡೆ ಜನ ಬಯಸಿದರು, ಕೆಡವಿದರು. ಅದರಲ್ಲಿ ತಪ್ಪೇನೂ ಇಲ್ಲ. ಇವರು ಉಳಿಸಿಕೊಂಡು ತಮ್ಮದೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. 2020ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳವಾಯಿತು. ಶಿಕ್ಷೆ ಕೊಟ್ಟ ಕಟ್ಟಡದ ಬೀಗದ ಕೈ ಈಗ ಶಿಕ್ಷೆ ಉಂಡವರ ಮಕ್ಕಳ ಕೈಯಲ್ಲಿದೆ. ಈ ದಾರಿಯಲ್ಲಿ ನನಗೆ ಸಮಾಧಾನ ಕೊಟ್ಟ ಜಾಗ ಇದೊಂದೇ.

ಬ್ರಾಂಡನ್‌ನ ಶಾಲೆ 1895ರಿಂದ 1972ರವರೆಗೆ ಊರ ಹೊರಗಿನ ದಿಬ್ಬದ ಮೇಲಿತ್ತು. ದೂರದ ಉತ್ತರದ ನಾರ್ವೇ ಹೌಸ್‌ನಿಂದ ಕೂಡ ಮಕ್ಕಳನ್ನು ಇಲ್ಲಿಗೆ ತರುತ್ತಿದ್ದರು. 2000ದಲ್ಲಿ ಕಟ್ಟಡ ಕೆಡವಿದರು. ಸತ್ತ ಮಕ್ಕಳನ್ನು ಮೊದಮೊದಲು ಅಸಿನಿಬೊಯಿನ್ ನದಿಯ ಹತ್ತಿರ ಹೂಳಿದ್ದರು. ಆ ಜಾಗ ಮುಂದೆ ನಗರಸಭೆಯ ಕೈಗೆ ಹೋಗಿ ಪಾರ್ಕ್ ಆಯಿತು, ಆಮೇಲೆ ಖಾಸಗಿ ಕ್ಯಾಂಪ್‌ಗ್ರೌಂಡ್. ಸಮಾಧಿಗಳ ಮೇಲೆ ದಶಕಗಟ್ಟಲೆ ಜನ ಟೆಂಟ್ ಹಾಕಿ ಬೇಸಿಗೆ ರಜೆ ಕಳೆದಿದ್ದಾರೆ.

ಬ್ರಾಂಡನ್‌ನಿಂದ ಪಶ್ಚಿಮಕ್ಕಿರುವ ಸೂ ವ್ಯಾಲಿ ಡಕೋಟಾ ನೇಷನ್‌ನವರು, ಮಾನವಶಾಸ್ತ್ರದ ಸಂಶೋಧಕಿ ಕ್ಯಾಥರೀನ್ ನಿಕೋಲ್ಸ್ ಮತ್ತು ವಿಶ್ವವಿದ್ಯಾಲಯಗಳು ಸೇರಿ ವರ್ಷಗಳಿಂದ ಇಲ್ಲಿ ಹುಡುಕುತ್ತಿದ್ದಾರೆ. ಶಾಲೆಗೆ ಸಂಬಂಧಿಸಿದ ಮೂರು ಸ್ಮಶಾನಗಳಲ್ಲಿ 104 ಸಮಾಧಿಗಳಿರಬಹುದೆಂದು ಗುರುತಿಸಿದ್ದಾರೆ. ದಾಖಲೆ ಸಿಕ್ಕಿರುವುದು 78ಕ್ಕೆ.

ಸಾಮಾನು ಇಳಿಸಿ ಮುಗಿಸಿದ ಮೇಲೆ ಅಕ್ಕನ ಮಗಳು ಫೋನ್‌ನಲ್ಲಿ ನಕ್ಷೆ ತೆಗೆದಳು. ಅವಳ ಹೊಸ ಮನೆಯಿಂದ ನದಿ ದಂಡೆಯ ಆ ಜಾಗಕ್ಕೆ ಕಾರಿನಲ್ಲಿ ಕೆಲವೇ ನಿಮಿಷ. ಉಳಿದ 26 ಸಮಾಧಿಗಳಲ್ಲಿ ಇರಬಹುದಾದ ಮಕ್ಕಳು ಯಾವ ಊರಿನಿಂದ ಬಂದವರೆಂದು ಹಾಜರಿ ಪುಸ್ತಕ, ಚರ್ಚಿನ ಕಡತ, ಉತ್ತರದ ಹಳ್ಳಿಗಳ ಹಿರಿಯರ ನೆನಪು ಎಲ್ಲದರಲ್ಲೂ ಹುಡುಕಾಟ ನಡೆದಿದೆ.